ಬರಿಗಾಲಿನ ಗಾಯಕನ ಮೆರವಣಿಗೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಮೈಸೂರಿನ ರಾಮಕೃಷ್ಣನಗರದ ಪ್ರೇಮಲೀಲಾ. 2004ರ ಕಾರ್ತಿಕ ಮಾಸದ ಒಂದು ಸೋಮವಾರ, ಮುಸ್ಸಂಜೆ, ಅವರ ಮನೆಯ ಜಗಲಿಯ ಮೇಲೆ. ನಾನು ಅಲ್ಲಿಗೆ ಹೋದದ್ದು ಸೋಬಾನೆ ಪದಗಳನ್ನು ಕೇಳಿ ಬರೆದುಕೊಳ್ಳಲು. ದೀಪ ಹಚ್ಚಲು ಬಂದಿದ್ದ ಅಕ್ಕಪಕ್ಕದ ಹೆಂಗಸರು ಕಡ್ಲೆಪುರಿ ತಿನ್ನುತ್ತ ಕೂತಿದ್ದರು. ಕಾಂಪೌಂಡಿನ ಆಚೆ ಯಾರದೋ ಮನೆಯ ರೇಡಿಯೋದಲ್ಲಿ ವಚನ ಗಾಯನ ಕೇಳಿಬಂತು. ಒಬ್ಬಾಕೆ, "ಇದು ಬರಿಗಾಲಿನ ಚಂದ್ರಮೌಳಿ ಅಲ್ವಾ?" ಎಂದಳು. ಪ್ರೇಮಲೀಲಾ ಬತ್ತಿ ಹೊಸೆಯುವ ಕೈಯನ್ನು ನಿಲ್ಲಿಸದೆ, "ಆ ಕಾಲಿನ ಕಥೆ ನನ್ನ ಕೇಳು ಕಣಮ್ಮ" ಎಂದರು. ಸೋಬಾನೆ ಪದ ಆ ದಿನ ಒಂದೂ ಸಿಗಲಿಲ್ಲ.

ಇದೇ ಕಥೆಯನ್ನು ಮುಂದೆ ಅಗ್ರಹಾರದಲ್ಲಿ ಸೈಕಲ್ ಷಾಪ್ ಇಟ್ಟಿರುವ ಸದಾಶಿವಯ್ಯನವರಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಹೊಂದದ ಕಡೆ ಹಾಗೆಂದು ಹೇಳಿದ್ದೇನೆ. ಉಳಿದದ್ದೆಲ್ಲ ಪ್ರೇಮಲೀಲಾ ಹೇಳಿದಂತೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ರಾಮಕೃಷ್ಣನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ಬೀದಿಯ ಕಂಬಗಳು ನಿಂತಿದ್ದವು, ದೀಪ ಬಂದಿರಲಿಲ್ಲ. ಅಲ್ಲಿ ಮನೆ ಕಟ್ಟಿಕೊಂಡಿದ್ದ ಕೆಲವರಲ್ಲಿ ಗುರುಮಲ್ಲಪ್ಪನೊಬ್ಬ. ಪ್ರೇಮಲೀಲಾ ಅವರ ಗಂಡ. ಅವನಿಗೆ ಅಗ್ರಹಾರದಲ್ಲಿ ತಂದೆಯ ಕಾಲದ ಗ್ರಂಧಿಗೆ ಅಂಗಡಿಯಿತ್ತು; ವಿಭೂತಿ, ಕರ್ಪೂರ, ಊದುಬತ್ತಿ, ಬೇರುನಾರುಗಳ ವ್ಯಾಪಾರ. ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದವನು ಚಂದ್ರಮೌಳಿ, ಯಾವುದೋ ಸಹಕಾರ ಸಂಘದಲ್ಲಿ ಗುಮಾಸ್ತ. ಇಬ್ಬರೂ ಒಂದೇ ಮಠದ ಒಕ್ಕಲು, ಇಬ್ಬರಿಗೂ ಸಂಗೀತದ ಹುಚ್ಚು. ಶಿವನು ಆ ಹುಚ್ಚನ್ನು ಇಬ್ಬರಿಗೂ ಸಮನಾಗಿ ಕೊಟ್ಟು, ಕಂಠವನ್ನು ಮಾತ್ರ ಚಂದ್ರಮೌಳಿಗೆ ಕೊಟ್ಟಿದ್ದ. ಗುರುಮಲ್ಲಪ್ಪ ಬಾಯಿ ತೆರೆದರೆ ತೊಟ್ಟಿಲ ಮಗು ಎದ್ದು ಅಳುತ್ತಿತ್ತು. ಆದರೆ ಒಮ್ಮೆ ಕೇಳಿದ ಪದವನ್ನು ಅವನು ಮರೆತದ್ದಿಲ್ಲ. ಮತ್ತು ಅವನ ಬಳಿ ಸೈಕಲ್ ಇತ್ತು. ಚಂದ್ರಮೌಳಿಗೆ ಸೈಕಲ್ ಇರಲಿಲ್ಲ, ತುಳಿಯಲು ಬರುತ್ತಲೂ ಇರಲಿಲ್ಲ.

ಚೈತ್ರ ವೈಶಾಖ ಬಂತೆಂದರೆ ಮೈಸೂರಿನಲ್ಲಿ ಬೀದಿಗೊಂದು ಚಪ್ಪರ, ಚಪ್ಪರಕ್ಕೊಂದು ಕಚೇರಿ. ಭಾದ್ರಪದದಲ್ಲಿ ಇನ್ನೊಂದು ಸುತ್ತು. ಗುರುಮಲ್ಲಪ್ಪ ಅಂಗಡಿ ಮುಚ್ಚಿ ಮನೆಗೆ ಬಂದು, ಎರಡು ಮುದ್ದೆ ನುಂಗಿ, ಹಿಂದಿನ ಬೀದಿಗೆ ಹೋಗಿ ಸೈಕಲ್ಲಿನ ಗಂಟೆ ಹೊಡೆಯುತ್ತಿದ್ದ. ಚಂದ್ರಮೌಳಿ ಬಂದು ಕ್ಯಾರಿಯರ್ ಮೇಲೆ ಕೂರುತ್ತಿದ್ದ. ಎಲ್ಲರ ಹಾಗಲ್ಲ, ಹಿಂದುಮುಂದಾಗಿ: ಗುರುಮಲ್ಲಪ್ಪನ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಬಂದ ದಾರಿಯನ್ನು ನೋಡುತ್ತ. ಎದುರುಗಾಳಿ ಬಡಿದರೆ ಗಂಟಲು ಕೆಡುತ್ತದೆ ಎನ್ನುವುದು ಅವನ ನಂಬಿಕೆ. ಡೈನಮೋ ಗುಂಯ್ಗುಟ್ಟುತ್ತ, ತುಳಿದಷ್ಟು ಬೆಳಕು ಚೆಲ್ಲುತ್ತ, ಸೈಕಲ್ಲು ಕುವೆಂಪುನಗರ ದಾಟಿ, ಬಲ್ಲಾಳ್ ಸರ್ಕಲ್ಲಿನಲ್ಲಿ ತಿರುಗಿ, ಚಾಮರಾಜಪುರದ ಮರಗಳ ಕತ್ತಲೆ ಹಾದು ಅಗ್ರಹಾರ ಸೇರುತ್ತಿತ್ತು. ಡಬಲ್ಸ್ ಹೋಗುವವರನ್ನು ಹಿಡಿಯಲು ಪೊಲೀಸಿನವನು ನಿಂತಿದ್ದರೆ ಇಬ್ಬರೂ ಇಳಿದು, ಸಜ್ಜನರಂತೆ ನಡೆದು, ಅವನು ಮರೆಯಾದ ಮೇಲೆ ಮತ್ತೆ ಏರುತ್ತಿದ್ದರು.

ವಾಪಸು ಬರುವಾಗಲೇ ಪಾಠ. ಅಂದು ಕೇಳಿದ ಪದಗಳನ್ನು ಚಂದ್ರಮೌಳಿ ಹಿಂದೆ ಕೂತು ಹಾಡುತ್ತಿದ್ದ. ನಡುವೆ ಸಾಲು ಮರೆತರೆ ಗುರುಮಲ್ಲಪ್ಪ ಮುಂದಿನಿಂದ ಎತ್ತಿಕೊಡುತ್ತಿದ್ದ. ತಾಳದ ಆವರ್ತನೆಯ ಮೊದಲ ಪೆಟ್ಟಿಗೆ ಸರಿಯಾಗಿ ಗಂಟೆ ಹೊಡೆಯುತ್ತಿದ್ದ. ಅಗ್ರಹಾರದ ಒಂದು ಗಲ್ಲಿಯಲ್ಲಿ ಹೂವು ಕಟ್ಟುವ ಪುಟ್ಟಲಿಂಗಮ್ಮ ಎಂಬಾಕೆ ಸೆಖೆಗೆ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇವರು ಹಾದುಹೋಗುವಾಗ, "ಏನ್ಲಾ, ಕತ್ತೆ ಮ್ಯಾಲೆ ಮೆರವಣಿಗೆ ಒಂಟಂಗೆ ಕೂತಿದೀಯ, ಯಾವ ತಪ್ಪು ಮಾಡಿದ್ಯಪ್ಪ?" ಎನ್ನುವಳು. ಹಿಂದೆ ಊರಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ಕತ್ತೆಯ ಮೇಲೆ ಹಿಮ್ಮುಖವಾಗಿ ಕೂರಿಸಿ, ಕೊರಳಿಗೆ ಹಾರ ಹಾಕಿ, ಬೀದಿಬೀದಿ ಮೆರೆಸುತ್ತಿದ್ದರಲ್ಲ, ಅದು ಅವಳ ಮಾತಿನ ಮೊನೆ. ಚಂದ್ರಮೌಳಿ ನಗುತ್ತ ಒಂದು ಸಾಲು ಜೋರಾಗಿ ಹಾಡಿ ಅವಳಿಗೆ ಕೈ ಬೀಸುತ್ತಿದ್ದ. ಕತ್ತಲಲ್ಲಿ ಅವಳಿಗೆ ಅವನ ಮುಖ ಕಂಡದ್ದು ಕಡಿಮೆ.

"ಮದುವೆಯಾದ ಹೊಸದರಲ್ಲಿ ನನ್ನನ್ನ ಒಂದು ದಿನವೂ ಆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದವರಲ್ಲ" ಎಂದರು ಪ್ರೇಮಲೀಲಾ. "ಕೇಳಿದರೆ, ಅದು ಮೌಳಿ ಜಾಗ ಕಣೇ ಅನ್ನೋರು. ನಾನು ಸಿಟಿ ಬಸ್ಸಲ್ಲಿ ಹೋಗ್ತಿದ್ದೆ."

ಚಂದ್ರಮೌಳಿಯ ಕಂಠ ಕೆಲವೇ ವರ್ಷಗಳಲ್ಲಿ ಊರಿಗೆ ಗೊತ್ತಾಯಿತು. ಮೊದಲು ಮಠದ ಪ್ರಾರ್ಥನೆ, ಆಮೇಲೆ ಚಪ್ಪರಗಳು, ಆಮೇಲೆ ವಚನಗಳ ಕ್ಯಾಸೆಟ್ಟು. ಗುಮಾಸ್ತಿಕೆ ಬಿಟ್ಟ, ಮನೆ ಬದಲಿಸಿದ, ಕಾರು ಕೊಂಡ. ಮೈ ತುಂಬಿಕೊಂಡಿತು, ಕೂದಲು ಹಿಂದೆ ಸರಿಯಿತು. ಅಗ್ರಹಾರದಲ್ಲಿ ಬಸವ ಜಯಂತಿಗೆ ಚಪ್ಪರ ಹಾಕುವ ಮಂಡಳಿಯಲ್ಲಿ ಗುರುಮಲ್ಲಪ್ಪ ಅಷ್ಟರಲ್ಲಿ ಮುಖ್ಯ ಕಾರ್ಯಕರ್ತನಾಗಿದ್ದ. 1998ರ ಉತ್ಸವದಲ್ಲಿ ಚಂದ್ರಮೌಳಿಗೆ ಮಂಡಳಿಯವರು ಪೇಟ ತೊಡಿಸಿ ಸನ್ಮಾನ ಮಾಡಿದರು. ಆ ಸಭೆಯಲ್ಲಿ ಚಂದ್ರಮೌಳಿ ಮೈಕಿನ ಮುಂದೆ ನಿಂತು ತನ್ನ ಸಾಧನೆಯ ದಾರಿಯನ್ನು ಹೇಳಿದ. ಗುರುವಿಲ್ಲದ ತನಗೆ ಈ ಬೀದಿಯ ಚಪ್ಪರವೇ ಗುರುವೆಂದ. ರಾಮಕೃಷ್ಣನಗರದಿಂದ ಅಗ್ರಹಾರಕ್ಕೆ ರಾತ್ರಿ ರಾತ್ರಿ ನಡೆದು ಬಂದು, ನಡೆದು ಹೋಗಿ, ಸಂಗೀತ ಕೇಳಿದೆನೆಂದ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಗುರುಮಲ್ಲಪ್ಪನ ಕೈಯಲ್ಲಿ ಹಣ್ಣಿನ ಬುಟ್ಟಿಯಿತ್ತು. ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ಚಪ್ಪರದ ಹಿಂದೆ ಅವನು ಕೇಳಿದ. "ನಡೆದೆ ಅಂದೆಯಲ್ಲ ಮೌಳಿ, ಯಾವಾಗ?"

"ಒಂದೊಂದು ಸಲ ನಡೀತಿರಲಿಲ್ವೇನೋ?"

"ನಡೀತಿದ್ವಿ. ಪೊಲೀಸಪ್ಪ ನಿಂತಿದ್ದ ಕಡೆ."

ಚಂದ್ರಮೌಳಿ ನಕ್ಕ. "ಅಲ್ಲ ಕಣೋ ಗುರು, ಅಷ್ಟು ದೊಡ್ಡ ಸಭೇಲಿ ಕ್ಯಾರಿಯರ್ ಮೇಲೆ ಕೂತ್ಕೊಂಡು ಬಂದೆ ಅನ್ನೋಕಾಗುತ್ತಾ? ಸಾಧನೆ ಅಂದ್ಮೇಲೆ ಒಂದು ತೂಕ ಬೇಡ್ವಾ? ನಿನ್ನ ಗಂಟೇನು ಹೋಯ್ತು ಹೇಳು."

"ನನಗೇನೂ ಬೇಡ. ಇನ್ನೊಂದು ಸಲ ಇದೇ ಮೈಕಲ್ಲಿ, ಗುರುಮಲ್ಲಪ್ಪನ ಸೈಕಲ್ಲಲ್ಲಿ ಬಂದೆ ಅಂತ ಒಂದು ಮಾತು ಹೇಳು. ಸಾಕು."

"ಹೇಳ್ತೀನಿ ಬುಡು, ಅದಕ್ಕೇನಂತೆ" ಎಂದು ಚಂದ್ರಮೌಳಿ ಕಾರು ಹತ್ತಿದ.

ಆ ಒಂದು ಮಾತಿಗಾಗಿ ಗುರುಮಲ್ಲಪ್ಪ ಒಂದು ವರ್ಷ ಕಾದ. ಮರುವರ್ಷದ ಉತ್ಸವಕ್ಕೆ ಪ್ರೇಮಲೀಲಾ ಅವರನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದ. ಹೆಂಡತಿ ಆ ಮಾತನ್ನು ಕಿವಿಯಾರೆ ಕೇಳಲಿ ಎಂದು. ಚಂದ್ರಮೌಳಿ ಎರಡು ವಚನ ಹಾಡಿ, ನೀರು ಕುಡಿದು, ಮಾತಿಗೆ ತೊಡಗಿದ. ನಡೆದ ದಾರಿ ಈ ಸಲ ಬರಿಗಾಲಿನ ದಾರಿಯಾಗಿತ್ತು. ಚಪ್ಪಲಿಗೆ ಗತಿಯಿರಲಿಲ್ಲವೆಂದ. ಕಲ್ಲು, ಮುಳ್ಳು, ಮಳೆ ಎಲ್ಲ ಬಂದವು. ಕೊನೆಗೆ ಸೈಕಲ್ಲೂ ಬಂತು.

"ಸೈಕಲ್ಲಿನವನೊಬ್ಬ ಪ್ರತಿ ರಾತ್ರಿ ನನ್ನ ಪಕ್ಕದಲ್ಲೇ ಗಂಟೆ ಹೊಡೆದುಕೊಂಡು ಹೋಗುತ್ತಿದ್ದ. ಅಂಗಡಿಯ ಸಾಹುಕಾರರ ಮಗ. ಹಿಂದೆ ಕ್ಯಾರಿಯರ್ ಖಾಲಿ. ಬಾರಪ್ಪ ಕೂತುಕೋ ಎಂದು ಒಂದು ದಿನವೂ ಅವನು ನಿಲ್ಲಿಸಲಿಲ್ಲ. ಅವನ ಮೇಲೆ ನನಗೆ ಮುನಿಸಿಲ್ಲ. ಅವನ ಗಂಟೆಯೇ ನನಗೆ ತಾಳ ಕಲಿಸಿತು."

ಹೆಂಗಸರ ಕಡೆಯಲ್ಲಿ ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರೇಮಲೀಲಾ ಅವರ ಪಕ್ಕದಲ್ಲಿದ್ದಾಕೆ, "ಎಂಥ ಪಾಪಿ ಇರಬೇಕು ನೋಡಿ ಆ ಸೈಕಲ್ಲಿನವನು" ಎಂದಳು.

"ನನಗೆ ಎದ್ದು ನಿಂತು ಕೂಗಿಬಿಡಬೇಕು ಅನ್ನಿಸ್ತು" ಎಂದು ಪ್ರೇಮಲೀಲಾ ಹೇಳಿದರು. "ಇವರು ನನ್ನ ಕೈ ಅದುಮಿ ಹಿಡಿದರು. ಕೂಗಿದರೆ ಯಾರು ನಂಬ್ತಾರೆ? ಅದರ ಹಿಂದಿನ ವರ್ಷವೇ ಇವರು ಒಬ್ಬಿಬ್ಬರ ಹತ್ತಿರ ಹೇಳಿ ನೋಡಿದ್ದರು. ದೊಡ್ಡವರಾದ ಮೇಲೆ ಎಲ್ಲರೂ ನೆಂಟರೇ ಬಿಡಿ ಗುರುಮಲ್ಲಪ್ಪನವರೇ ಅಂತ ನಕ್ಕಿದ್ದರಂತೆ."

ಮನೆಗೆ ಬಂದ ಮೇಲೆ ಗುರುಮಲ್ಲಪ್ಪ ಊಟಕ್ಕೆ ಕೂರಲಿಲ್ಲ. ಸೈಕಲ್ಲನ್ನು ಒಳಗೆ ತಂದು, ಹಳೆಯ ಬನಿಯನ್ನಿನಿಂದ ಕಡ್ಡಿ ಕಡ್ಡಿಯನ್ನೂ ಒರೆಸಿದ. ಕ್ಯಾರಿಯರ್ರಿನ ಸ್ಪ್ರಿಂಗಿಗೆ ಎಣ್ಣೆ ಬಿಟ್ಟ. "ಬರಿಗಾಲಲ್ಲಿ ನಡೆದನಂತೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ನಡೀಲಿ."

ಮುಂದಿನ ವರ್ಷ ಉತ್ಸವಕ್ಕೆ ಮುನ್ನ ಮಂಡಳಿಯ ಸಭೆ ಸೇರಿದಾಗ ಅವನು ಒಂದು ಸಲಹೆ ಮುಂದಿಟ್ಟ. ಬರಿಗಾಲಲ್ಲಿ ನಡೆದು ಸಂಗೀತ ಕಲಿತ ಗಾಯಕ ನಮ್ಮ ಬೀದಿಯ ಹೆಮ್ಮೆ. ಆ ತಪಸ್ಸನ್ನು ಜನ ಕಣ್ಣಾರೆ ಕಾಣಬೇಕು. ಆದುದರಿಂದ ಅವರನ್ನು ಕಾರಿನಲ್ಲಿ ಕರೆತರುವುದು ಬೇಡ, ರಾಮಕೃಷ್ಣನಗರದಿಂದ ಚಪ್ಪರದವರೆಗೆ ಅದೇ ದಾರಿಯಲ್ಲಿ, ಅದೇ ಬರಿಗಾಲಲ್ಲಿ, ಪೇಟ ತೊಡಿಸಿ, ಹಾರ ಹಾಕಿ, ವಾದ್ಯದೊಂದಿಗೆ ನಡೆಸಿಕೊಂಡು ಬರೋಣ. ಸಭೆ ಒಪ್ಪಿತು. ಗುರುಮಲ್ಲಪ್ಪನ ದೊಡ್ಡ ಮನಸ್ಸನ್ನು ಒಬ್ಬಿಬ್ಬರು ಕೊಂಡಾಡಿದರು.

ಆಹ್ವಾನ ಕೊಡಲು ಅವನೇ ಹೋದ. ಚಂದ್ರಮೌಳಿಯ ಮನೆಯಲ್ಲಿ ಇನ್ನೂ ಕೆಲವರು ಕೂತಿದ್ದರು. ವಿಷಯ ಕೇಳಿ ಅವರೆಲ್ಲ ಆಹಾ ಎಂದರು. ಚಂದ್ರಮೌಳಿ ಮಾತ್ರ ಗುರುಮಲ್ಲಪ್ಪನ ಮುಖವನ್ನೇ ನೋಡಿದ.

"ವೈಶಾಖದ ಬಿಸಿಲು ಕಣೋ ಗುರು. ಟಾರು ಕಾದಿರುತ್ತೆ."

"ಸಂಜೆ ಹೊರಡೋದು. ನಿಮಗೆ ಮುಳ್ಳಿನ ಮೇಲೇ ಅಭ್ಯಾಸ, ಟಾರು ಯಾವ ಲೆಕ್ಕ" ಎಂದ ಗುರುಮಲ್ಲಪ್ಪ. ಎಲ್ಲರೆದುರು ಅವನು ಸ್ನೇಹಿತನಿಗೆ ಬಹುವಚನ ಬಳಸಿದ್ದು ಅದೇ ಮೊದಲು. ಸನ್ಮಾನವನ್ನು ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲ. ಬೇಡವೆಂದರೆ ಕಾರಣ ಹೇಳಬೇಕು. ಹೇಳಬಹುದಾದ ಕಾರಣ ಒಂದೇ ಒಂದಿತ್ತು.

ಚಂದ್ರಮೌಳಿ ನಡೆದ. ಮುಂದೆ ಡೋಲು ನಾಗಸ್ವರ, ಹಿಂದೆ ಮಂಡಳಿಯವರು ಮತ್ತು ದಾರಿಯುದ್ದಕ್ಕೂ ಸೇರಿಕೊಂಡ ಜನ. ಪಕ್ಕದಲ್ಲಿ, ನಡಿಗೆಯ ವೇಗಕ್ಕೆ ಸೈಕಲ್ಲನ್ನು ತೂಗಿಸಿಕೊಂಡು ತುಳಿಯುತ್ತ ಗುರುಮಲ್ಲಪ್ಪ. ಕಾರಿನ ಮ್ಯಾಟಿಗೆ ಒಗ್ಗಿದ ಪಾದಗಳು ಕುವೆಂಪುನಗರ ದಾಟುವುದರೊಳಗೆ ಕೆಂಪಾದವು. ಬಲ್ಲಾಳ್ ಸರ್ಕಲ್ಲಿನಲ್ಲಿ ಹೆಂಗಸರು ತಂಬಿಗೆ ನೀರು ತಂದು ಪಾದ ತೊಳೆದರು. ತೊಳೆದ ಪಾದ ಮತ್ತೆ ಕಾದ ಟಾರಿನ ಮೇಲೆ. ಗುರುಮಲ್ಲಪ್ಪ ಸೈಕಲ್ಲನ್ನು ಹತ್ತಿರ ತಂದು, ಬೇರೆಯವರಿಗೆ ಕೇಳದ ಹಾಗೆ, "ಕ್ಯಾರಿಯರ್ ಖಾಲಿ ಇದೆ. ಮೈಕಲ್ಲಿ ಹೇಳ್ತೀನಿ ಅನ್ನು, ಕೂತ್ಕೋ" ಎನ್ನುತ್ತಿದ್ದ. ಚಂದ್ರಮೌಳಿ ಹಲ್ಲು ಕಚ್ಚಿ ಮುಂದಕ್ಕೆ ನೋಡುತ್ತಿದ್ದ. ಚಪ್ಪರದಲ್ಲಿ ಅವನು ಬೊಬ್ಬೆಯೆದ್ದ ಕಾಲನ್ನು ಪಂಚೆಯಡಿ ಮುಚ್ಚಿಕೊಂಡು ಹಾಡಿದ. ಉಸಿರು ಸಾಲಿಗೆ ಮೊದಲೇ ಮುಗಿಯುತ್ತಿತ್ತು. ಗುರುಮಲ್ಲಪ್ಪ ಅಂದು ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ. ಪತ್ರಿಕೆಯಲ್ಲಿ ಪಾದಗಳ ಫೋಟೋ ಬಂತು. 'ಬರಿಗಾಲಿನ ಚಂದ್ರಮೌಳಿ' ಎಂಬ ಹೆಸರು ಹುಟ್ಟಿದ್ದು ಆಗಲೇ. ಮೊದಲು ಒಂದು ಮಾತಾಗಿದ್ದ ಸುಳ್ಳು ಈಗ ಊರು ಕಣ್ಣಾರೆ ಕಂಡ ಸಂಗತಿಯಾಯಿತು. ಎರಡನೆಯ ವರ್ಷದ ಮೆರವಣಿಗೆಯಲ್ಲಿ ಜನ ಅಡ್ಡಬಿದ್ದು ಪಾದದ ಧೂಳು ತೆಗೆದುಕೊಂಡರು. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಗುರುಮಲ್ಲಪ್ಪನನ್ನು ನೋಡಿ ಯಾರೋ, "ಇಳಿದು ನಡೀರಿ ಸ್ವಾಮಿ, ಆ ನಿಲ್ಲಿಸದ ಸೈಕಲ್ಲಿನವನ ಹಾಗೆ ಆಡ್ತೀರಲ್ಲ" ಎಂದರು. ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಚಂದ್ರಮೌಳಿ ನಕ್ಕ. ಕಾಲು ಉರಿಯುತ್ತಿದ್ದರೂ ನಕ್ಕ.

ಆ ರಾತ್ರಿ ಪ್ರೇಮಲೀಲಾ ಗಂಡನಿಗೆ ಹೇಳಿದರು. "ನೀವು ಅವನ ಕಾಲಿಗೆ ಬರೆ ಹಾಕ್ತಾ ಇಲ್ಲ ಕಣ್ರೀ. ಅವನ ಸುಳ್ಳಿಗೆ ಗುಡಿ ಕಟ್ಟಿಸ್ತಾ ಇದೀರಿ."

ಗುರುಮಲ್ಲಪ್ಪ ಗೋಡೆ ನೋಡುತ್ತ ಮಲಗಿದ್ದ. "ಗುಡಿ ಕಟ್ಟಿದವನಿಗೆ ಕೆಡವೋದೂ ಗೊತ್ತಿರುತ್ತೆ" ಎಂದ. ಹೇಗೆಂದು ಅವನಿಗೆ ಆಗ ಗೊತ್ತಿರಲಿಲ್ಲ ಎಂದು ಪ್ರೇಮಲೀಲಾ ಇಂದಿಗೂ ಹೇಳುತ್ತಾರೆ.

ಮೂರನೆಯ ವರ್ಷ, ಅಂದರೆ 2002ರಲ್ಲಿ, ಮೆರವಣಿಗೆ ಹೊರಡುವುದು ತಡವಾಯಿತು. ಮಧ್ಯಾಹ್ನದ ಮೋಡ ಮಳೆ ಸುರಿಸದೆ ಹಾಗೇ ಕವಿದಿತ್ತು. ಗಾಳಿ ಬೀಸಿ, ಚಾಮರಾಜಪುರ ಮುಟ್ಟುವ ಹೊತ್ತಿಗೆ ಇಡೀ ಬಡಾವಣೆಯ ಕರೆಂಟು ಹೋಯಿತು. ಕತ್ತಲೆಯಲ್ಲಿ ವಾದ್ಯದವರು ಮಳೆಗೆ ಹೆದರಿ ಬಿರುಸಾಗಿ ನಡೆದರು, ಜನ ಅವರ ಹಿಂದೆ ಓಡಿದರು. ಗಾಯಕರು ನಡುವೆ ಇದ್ದಾರೆಂದು ಮುಂದಿನವರು, ಮುಂದೆ ಹೋದರೆಂದು ಹಿಂದಿನವರು. ಚಂದ್ರಮೌಳಿ ಒಂದು ಮನೆಯ ಕಾಂಪೌಂಡಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದ. ಆ ವರ್ಷ ಅವನ ಮಂಡಿಯೂ ನೋಯುತ್ತಿತ್ತು. ಜೊತೆಗಿದ್ದದ್ದು ಗುರುಮಲ್ಲಪ್ಪ ಮತ್ತು ಸೈಕಲ್ಲು.

"ಸಾಕು ಕಣೋ ಗುರು. ಸತ್ತೋಗ್ತೀನಿ."

"ಮೈಕಲ್ಲಿ ಹೇಳ್ತೀಯಾ?"

"ಹೇಳ್ತೀನಿ."

"ಸನ್ಮಾನದ ದಿನಾನೂ ಹಾಗೇ ಅಂದಿದ್ದೆ."

"ಈ ಸಲ ಆಣೆ." ಚಂದ್ರಮೌಳಿ ಪಾದವನ್ನು ಕೈಯಿಂದ ಒತ್ತಿಕೊಂಡ. "ಕತ್ತಲಿದೆ, ಯಾರೂ ಕಾಣ್ತಿಲ್ಲ. ಚಪ್ಪರದ ಹಿಂದಿನ ಗಲ್ಲಿಗೆ ಬಿಟ್ಟುಬಿಡು. ಅಲ್ಲಿಂದ ನಡ್ಕೊಂಡು ಬರ್ತೀನಿ. ಆಮೇಲೆ ಮೈಕಲ್ಲಿ ನೀನು ಅಂದಿದ್ದನ್ನೇ ಅಂತೀನಿ."

ಗುರುಮಲ್ಲಪ್ಪ ಸೈಕಲ್ಲನ್ನು ವಾಲಿಸಿ ಹಿಡಿದ. ಚಂದ್ರಮೌಳಿ ಏರಿ ಕೂತ. ಅಷ್ಟು ವರ್ಷಗಳಾದರೂ ಮೈ ಮರೆತಿರಲಿಲ್ಲ: ಬೆನ್ನಿಗೆ ಬೆನ್ನು ಕೊಟ್ಟು, ಹಿಂದುಮುಂದಾಗಿ ಕೂತ. ತೂಕಕ್ಕೆ ಸೈಕಲ್ಲು ನರಳಿತು. ಡೈನಮೋ ಗುಂಯ್ಗುಟ್ಟಿತು, ದೀಪ ಮಿಣುಕಿ ಹತ್ತಿತು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸಣ್ಣಗೆ ಒಂದು ಪದ ಕೇಳಿಬಂತು. ಹಳೆಯ ಪದ, ಇಬ್ಬರೂ ಒಂದೇ ಚಪ್ಪರದಲ್ಲಿ ಕೇಳಿದ್ದು. ನಡುವೆ ಒಂದು ಸಾಲು ನಿಂತಿತು. ಗುರುಮಲ್ಲಪ್ಪ ತನಗೆ ಅರಿವಿಲ್ಲದೆ ಅದನ್ನು ಎತ್ತಿಕೊಟ್ಟ. ಹೆಬ್ಬೆರಳು ಗಂಟೆಯ ಮೇಲೆ ಹೋಯಿತು.

"ಆ ಹೊತ್ತಿಗೆ ನಮ್ಮನೆಯವರ ಸಿಟ್ಟೆಲ್ಲ ಇಳಿದುಹೋಗಿತ್ತಂತೆ" ಎಂದರು ಪ್ರೇಮಲೀಲಾ. "ಹಿಂದಿನ ಗಲ್ಲಿಗೇ ಬಿಡೋಣ ಅಂತ ಹ್ಯಾಂಡಲ್ ತಿರುಗಿಸೋದರಲ್ಲಿದ್ದರಂತೆ. ಅವನು ಬಾಯಿ ಮುಚ್ಕೊಂಡು ಇದ್ದಿದ್ದರೆ ಆಗೋಗೋದು."

ಗಲ್ಲಿಯ ತಿರುವು ಹತ್ತಿರ ಬಂದಾಗ ಚಂದ್ರಮೌಳಿ ಹಾಡು ನಿಲ್ಲಿಸಿ ಸಮಾಧಾನದ ಉಸಿರು ಬಿಟ್ಟ. "ಅಲ್ಲ ಗುರು, ಆ ಸೈಕಲ್ಲಿನವನು ನೀನೇ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲವಲ್ಲೋ. ಮತ್ಯಾಕೆ ನಿನಗೆ ಹೊಟ್ಟೆಯುರಿ? ಈಗ ಬದಲಾಯಿಸಿದರೆ ಕಥೆ ಕೆಡುತ್ತೆ ಕಣೋ. ಜನ ಒಪ್ಪಲ್ಲ. ಬೇಕಾದ್ರೆ ಇವತ್ತು ಆ ಸೈಕಲ್ಲಿನವನನ್ನ ಕ್ಷಮಿಸಿಬಿಟ್ಟೆ ಅಂತ ಹೇಳ್ತೀನಿ, ಆಯ್ತಾ?"

ಗುರುಮಲ್ಲಪ್ಪ ಹ್ಯಾಂಡಲ್ ನೇರ ಮಾಡಿದ.

ಚಂದ್ರಮೌಳಿಗೆ ಕಾಣುತ್ತಿದ್ದದ್ದು ಹಿಂದಿನ ಕತ್ತಲೆ. ಗಲ್ಲಿ ತಪ್ಪಿದ್ದು ಅವನಿಗೆ ತಿಳಿಯಲಿಲ್ಲ. ಚಪ್ಪರಕ್ಕೆ ಮಂಡಳಿಯವರು ಜನರೇಟರ್ ತರಿಸಿದ್ದರು. ಟ್ಯೂಬ್‌ಲೈಟುಗಳ ಕೆಳಗೆ ಬೀದಿ ತುಂಬ ಜನ, ಗಾಯಕರು ಎಲ್ಲಿ ಎಂದು ಕತ್ತು ಎತ್ತಿ ನೋಡುತ್ತಿದ್ದರು. ವೇದಿಕೆಯವರೆಗೆ ನಡುವೆ ದಾರಿ ಬಿಟ್ಟು ಹೂ ಚೆಲ್ಲಿದ್ದರು. ಗುರುಮಲ್ಲಪ್ಪ ಗಂಟೆ ಹೊಡೆದ. ಹಿಂದೆ ತಾಳಕ್ಕೆ ಹೊಡೆಯುತ್ತಿದ್ದ ಹಾಗೆ ಒಂದು, ಆಮೇಲೆ ಬಿಡದೆ. ಜನ ಸರಿದು ದಾರಿ ಕೊಟ್ಟರು. ಸೈಕಲ್ಲು ಹೂವಿನ ಮೇಲೆ ಹಾದು ಒಳಗೆ ಬಂತು.

ಚಂದ್ರಮೌಳಿ ಕಂಡ ಮೊದಲ ಬೆಳಕು ಅವನ ಕಾಲ ಮೇಲೆಯೇ ಬಿತ್ತು. ನೆಲದಿಂದ ಗೇಣು ಮೇಲೆ ತೂಗಾಡುತ್ತಿದ್ದ ಬರಿಗಾಲು. ಆಮೇಲೆ ಕಂಡದ್ದು ಹಿಂದಿನ ಸಾಲಿನವರ ಮುಖಗಳು, ಅನಂತರ ನಡುವಿನ ಸಾಲಿನವರು. ಸೈಕಲ್ಲು ಮುಂದೆ ಮುಂದೆ ಹೋದಂತೆ ಚಪ್ಪರದ ಎಲ್ಲ ಮುಖಗಳೂ ಒಂದೊಂದಾಗಿ ಅವನೆದುರು ಬಂದು ನಿಂತವು. ತಲೆಯ ಮೇಲೆ ಪೇಟ, ಕೊರಳಲ್ಲಿ ಸುಗಂಧರಾಜದ ಹಾರ, ಹಿಂದುಮುಂದಾಗಿ ಕೂತ ಭಂಗಿ. ಇಳಿಯಲು ನೋಡಿದ, ಮಂಡಿ ಬಾಗಲಿಲ್ಲ. ಕೈಗಳೆರಡೂ ಕ್ಯಾರಿಯರ್ ಹಿಡಿದಿದ್ದವು.

ಬಾಗಿಲ ಬಳಿ ಹೂವಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಪುಟ್ಟಲಿಂಗಮ್ಮ ಎದ್ದು ನಿಂತಳು. ವಯಸ್ಸಾಗಿ ಕಣ್ಣು ಮಂಜಾಗಿತ್ತು, ಬಾಯಿ ಮಂಜಾಗಿರಲಿಲ್ಲ.

"ಅಯ್ಯೋ ಶಿವ್ನೆ, ಇವ್ನು ಅವ್ನಲ್ವಾ? ಇಂದ್ಮುಂದಾಗಿ ಕೂತ್ಕಂಡು ಆಡ್ಕೊಂಡ್ ಓಯ್ತಿದ್ದ ಐದ. ದಿನಾ ರಾತ್ರಿ ನಮ್ಮನೆ ಮುಂದ್ಲಾಗೇ ಓಯ್ತಿದ್ನಲ್ಲ ಕಣವ್ವ, ಇದೇ ಸೈಕಲ್ನಾಗೆ. ನಡ್ಕಂಡ್ ಬತ್ತಿದ್ದೋನು ಯಾರಂತೆ ಮತ್ತೆ?"

ಮೊದಲು ಹೆಂಗಸರ ಕಡೆ ಒಬ್ಬಳು ನಕ್ಕಳು. ಆಮೇಲೆ ಹುಡುಗರು. ಯಾರೋ ಹಿರಿಯರು "ಕತ್ತೆಯೊಂದು ಕಡಿಮೆ" ಎಂದರಂತೆ. ಆ ನಗು ಚಪ್ಪರವನ್ನು ಒಂದು ಸುತ್ತು ಹಾಕಿತು. ಗುರುಮಲ್ಲಪ್ಪ ವೇದಿಕೆಯ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಚಂದ್ರಮೌಳಿ ಇನ್ನೂ ಅದರ ಮೇಲೆಯೇ ಇದ್ದ. ಗುರುಮಲ್ಲಪ್ಪ ಅವನ ಕಡೆ ತಿರುಗಿಯೂ ನೋಡದೆ, ಮೈಕಿನ ಹತ್ತಿರವೂ ಹೋಗದೆ, ಕೊನೆಯ ಸಾಲಿಗೆ ನಡೆದು ಹೋಗಿ ಕೂತ.

ಇಲ್ಲಿಂದ ಮುಂದೆ ಎರಡು ಪಾಠಗಳಿವೆ. ಸದಾಶಿವಯ್ಯನವರು ಹೇಳುವಂತೆ, ಚಂದ್ರಮೌಳಿ ಆ ರಾತ್ರಿ ಹಿಂದೆಂದೂ ಹಾಡದ ಹಾಗೆ ಹಾಡಿದ, ಮತ್ತು ಕೇಳಿದವರು ಕೆಲವರೇ. ಪ್ರೇಮಲೀಲಾ ಇದನ್ನು ಒಪ್ಪುವುದಿಲ್ಲ. ಅವನು ವೇದಿಕೆ ಹತ್ತಿ ಎರಡು ಪದ ಹಾಡಿದ, ಒಬ್ಬರೂ ತಾಳ ಹಾಕಲಿಲ್ಲ, ಗಂಟಲು ಸರಿಯಿಲ್ಲವೆಂದು ಎದ್ದ, ಮೂರನೆಯ ಮಾತಿಲ್ಲ. ಮನೆಗೆ ಅವನನ್ನು ಯಾರು ಕರೆದುಕೊಂಡು ಹೋದರೆಂಬುದು ಇಬ್ಬರಿಗೂ ಗೊತ್ತಿಲ್ಲ. ಆಟೋದವನೊಬ್ಬ, "ನೀವು ನಡೆಯೋರಲ್ವಾ ಸ್ವಾಮಿ?" ಎಂದನೆಂದು ಅಗ್ರಹಾರದವರು ಸೇರಿಸುತ್ತಾರೆ, ಅದು ಆಮೇಲೆ ಹುಟ್ಟಿಕೊಂಡದ್ದಿರಬೇಕು. ಅಗ್ರಹಾರದಲ್ಲಿ ಈಗ ಅವನನ್ನು ಬರಿಗಾಲಿನ ಚಂದ್ರಮೌಳಿ ಎನ್ನುವವರಿಲ್ಲ. ತಿರುಗಿ ಕೂತ ಚಂದ್ರಮೌಳಿ ಎನ್ನುತ್ತಾರೆ. ಅವನು ಆ ಬೀದಿಯಲ್ಲಿ ಮತ್ತೆ ಹಾಡಲಿಲ್ಲ.

ಪ್ರೇಮಲೀಲಾ ಕಥೆ ನಿಲ್ಲಿಸಿದಾಗ ಜಗಲಿಯ ಹಣತೆಗಳು ಅರ್ಧ ಉರಿದಿದ್ದವು. ಮೊದಲು ರೇಡಿಯೋ ಕೇಳಿ ಹೆಸರು ಹೇಳಿದ್ದ ಹೆಂಗಸೇ ಕೇಳಿದಳು. "ಮತ್ತೆ ಆ ಮಾತು? ಮೈಕಲ್ಲಿ ಹೇಳಿದನಾ?"

"ಇಲ್ಲ. ಇವತ್ತಿನವರೆಗೂ ಹೇಳಿಲ್ಲ."

"ಹಾಗ್ಯಾಕೆ ಬಿಟ್ಟರು ನಿಮ್ಮನೆಯವರು?"

"ಊರೇ ಹೇಳಿತಲ್ಲ. ಇನ್ನು ಅವನದ್ಯಾಕೆ?" ಪ್ರೇಮಲೀಲಾ ಹೊಸೆದ ಬತ್ತಿಗಳನ್ನು ತಟ್ಟೆಗೆ ಕೂಡಿಸಿದರು. "ಮಾರನೇ ಬೆಳಗ್ಗೆ ಎದ್ದವರೇ ಸದಾಶಿವಯ್ಯನ ಷಾಪಿಗೆ ಹೋಗಿ ಕ್ಯಾರಿಯರ್ ಬಿಚ್ಚಿಸಿ ಬಂದರು. ಸಾಮಾನು ತರೋಕೂ ಬೇಡ ಅಂದುಬಿಟ್ಟರು, ಚೀಲ ಹ್ಯಾಂಡಲ್ಲಿಗೆ ನೇತು ಹಾಕ್ಕೋತಾರೆ. ನಾನಂದುಕೊಂಡಿದ್ದೆ, ಇನ್ನಾದರೂ ಆ ಜಾಗ ನನಗೆ ಸಿಗುತ್ತೆ ಅಂತ."

ಬೀದಿಯ ತುದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಗುರುಮಲ್ಲಪ್ಪನವರು ಅಂಗಡಿ ಮುಚ್ಚಿ ಬರುತ್ತಿದ್ದರು. ಹೆಂಗಸರು ಮಡಿಲಿನ ಪುರಿ ಕೊಡವಿ ಎದ್ದರು. ಗೇಟಿನ ಬಳಿ ಅವರಿಗೆ ದಾರಿ ಬಿಟ್ಟು ನಿಂತು, ಕ್ಯಾರಿಯರ್ ಇದ್ದ ಜಾಗದ ಬರಿಯ ಮಡ್‌ಗಾರ್ಡನ್ನು ಒಬ್ಬೊಬ್ಬರೂ ಒಮ್ಮೆ ನೋಡಿ, ತಮ್ಮ ತಮ್ಮ ಮನೆಗೆ ನಡೆದರು.